ಅದೇ ಹೆಸರು, ಅದೇ ಬಾಕ್ಸ್, ಒಳಗೆ ಬೇರೆ ಬೋರ್ಡ್

2005ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರ್‌ನ ಐದನೇ ಆವೃತ್ತಿ ಬಂದಾಗ ಹೊರನೋಟದಲ್ಲಿ ಏನೂ ಬದಲಾಗಿರಲಿಲ್ಲ. ಅದೇ ನೀಲಿ-ಕಪ್ಪು ಮೈ, ಹಿಂದೆ ಅದೇ ಎರಡು ಆಂಟೆನಾ. ಮುಚ್ಚಳ ತೆಗೆದರೆ ಕತೆ ಬೇರೆ. ನಾಲ್ಕನೇ ಆವೃತ್ತಿಯಲ್ಲಿದ್ದ 16 ಎಂಬಿ ಮೆಮೊರಿ 8ಕ್ಕೆ ಇಳಿದಿತ್ತು, ತಂತ್ರಾಂಶ ಉಳಿಯುವ ಫ್ಲ್ಯಾಶ್ ಚಿಪ್ 4 ಎಂಬಿಯಿಂದ 2 ಆಗಿತ್ತು. ಲಿನಕ್ಸ್ ಇದ್ದ ಜಾಗದಲ್ಲಿ ವಿಎಕ್ಸ್‌ವರ್ಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಕೂತಿತ್ತು.

ಆ ರೂಟರ್‌ಗೆ ತಮ್ಮದೇ ತಂತ್ರಾಂಶ ಹಾಕಿಕೊಳ್ಳುತ್ತಿದ್ದವರು ಅಂಗಡಿಯಲ್ಲೇ ಬಾಕ್ಸ್ ತಿರುಗಿಸಿ ಸೀರಿಯಲ್ ನಂಬರ್ ಓದಲು ಕಲಿತರು. ಸಿಡಿಎಫ್‌ಎ ಎಂದು ಶುರುವಾದರೆ ನಾಲ್ಕನೆಯದು, ಸಿಡಿಎಫ್‌ಬಿ ಎಂದಿದ್ದರೆ ಐದನೆಯದು. ಕೊಳ್ಳುವವನು ಪತ್ತೇದಾರನಾಗಬೇಕಾದ ವ್ಯಾಪಾರ! ಲಿನಕ್ಸ್ ಬೇಕೆಂದವರಿಗಾಗಿ ಕಂಪನಿ ಆಮೇಲೆ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಬೇರೆ ಹೆಸರಿನ ಮಾದರಿಯನ್ನೇ ತಂದಿತು. ಮೊದಲೇ ಹೆಸರು ಬದಲಿಸಿದ್ದರೆ ಈ ಪಾಡು ಯಾರಿಗೂ ಇರುತ್ತಿರಲಿಲ್ಲ.

ಸಂಖ್ಯೆ ದೊಡ್ಡದಾದರೆ ಯಂತ್ರವೂ ಉತ್ತಮ ಎಂದೇನಿಲ್ಲ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಆರ್841ಎನ್ 13ನೇ ಆವೃತ್ತಿಯಲ್ಲಿ 64 ಎಂಬಿ ಮೆಮೊರಿ, 8 ಎಂಬಿ ಫ್ಲ್ಯಾಶ್ ಇದ್ದರೆ, 14ನೆಯದರಲ್ಲಿ ಎರಡೂ ಅರ್ಧಕ್ಕರ್ಧ. ಡಿ-ಲಿಂಕ್ ಡಿಐಆರ್-615ಕ್ಕಂತೂ ಅಕ್ಷರಮಾಲೆಯೇ ಇದೆ: ಸಿ ಆವೃತ್ತಿಗೆ ಅಥೆರೋಸ್ ಚಿಪ್, ಡಿ ಆವೃತ್ತಿಗೆ ರಾಲಿಂಕ್ ಚಿಪ್.

ಇದೆಲ್ಲ ಹವ್ಯಾಸಿಗಳ ತಲೆನೋವು, ಮನೆಯಲ್ಲಿ ವೈಫೈ ಬಂದರೆ ಸಾಕು ಎನ್ನುವವರಿಗೆ ಏಕೆ? ಭದ್ರತೆಯ ಅಪ್‌ಡೇಟ್ ಬರುವುದು ಆವೃತ್ತಿ ನೋಡಿಕೊಂಡೇ. ಬೇರೆ ಆವೃತ್ತಿಯ ಫರ್ಮ್‌ವೇರ್ ಬಲವಂತವಾಗಿ ಹಾಕಿದರೆ ರೂಟರ್ ಮತ್ತೆ ಏಳದೇ ಹೋಗಬಹುದು.

ಆವೃತ್ತಿ ತಿಳಿಯಲು ಮೊದಲು ತಳದ ಲೇಬಲ್ ನೋಡಬೇಕು. ಅದು ಬಾಯಿಬಿಡದಿದ್ದರೆ, ಅಮೆರಿಕದ ಸಂವಹನ ನಿಯಂತ್ರಕ ಎಫ್‌ಸಿಸಿಯ ಐಡಿ ಇದ್ದಲ್ಲಿ ಅದರ ಕಡತದಲ್ಲಿ ಒಳಭಾಗದ ಫೋಟೋಗಳು ಸಿಗುವುದುಂಟು. ಆದರೆ ಅವು ಪರೀಕ್ಷೆಗೆ ಕೊಟ್ಟ ಮಾದರಿಯವು, ನಿಮ್ಮ ಕೈಲಿರುವುದರದ್ದಲ್ಲ. ಕೊನೆಗೆ ಸ್ಕ್ರೂಡ್ರೈವರೇ ಗತಿ. ಅಲ್ಲೂ ಒಂದು ಬಲೆ: ಫ್ಲ್ಯಾಶ್ ಚಿಪ್ ಮೇಲೆ 25ಕ್ಯೂ32 ಎಂದಿದ್ದರೆ ಅದು 32 ಮೆಗಾಬಿಟ್, ಅಂದರೆ ಬರೀ 4 ಎಂಬಿ.

ಚಿಪ್ ಸಿಗದಿದ್ದಾಗ, ಬೆಲೆ ಏರಿದಾಗ ಕಂಪನಿಗಳು ಬೋರ್ಡ್ ಬದಲಿಸುವುದು ಸಹಜ, ಅದರಲ್ಲಿ ತಪ್ಪಿಲ್ಲ. ಮೆಮೊರಿ ಅರ್ಧ ಮಾಡಿ ಹಳೇ ಹೆಸರಲ್ಲೇ ಮಾರುವುದು ತಪ್ಪು. ಭಾರತದಲ್ಲಿ ಪೊಟ್ಟಣದ ಮೇಲೆ ತಯಾರಕರ ಹೆಸರು, ಎಂಆರ್‌ಪಿ ಮುದ್ರಿಸಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಹಾರ್ಡ್‌ವೇರ್ ಆವೃತ್ತಿ, ಮೆಮೊರಿ, ಫ್ಲ್ಯಾಶ್‌ಗಳನ್ನೂ ಆ ಸಾಲಿಗೆ ಸೇರಿಸಬೇಕು. ಆನ್‌ಲೈನ್ ಅಂಗಡಿಗಳು ಎಲ್ಲ ಆವೃತ್ತಿಗಳನ್ನೂ ಒಂದೇ ಪುಟದಲ್ಲಿ ಬೆರೆಸಿ, ಹಳೆಯದಕ್ಕೆ ಬಂದ ಹೊಗಳಿಕೆ ತೋರಿಸಿ ಹೊಸದನ್ನು ಕಳುಹಿಸುವುದಕ್ಕೂ ತಡೆ ಬೀಳಬೇಕು.