ದಂಡಿಗೆ ಅಕ್ಕಿ ಹೊತ್ತವನು ಯಾರು?

ಕಾರ್ಕಳದಿಂದ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಬಾವುಟಗುಡ್ಡೆ ಏರಿದರೆ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಕಾಣುತ್ತದೆ. 2022ರಲ್ಲಿ ನಿಲ್ಲಿಸಿದ್ದು. ನಿಲ್ಲಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. 1837ರಲ್ಲಿ ಕುಂಪಣಿಯನ್ನು ಎದುರು ಹಾಕಿಕೊಳ್ಳುವುದು ಮಕ್ಕಳಾಟವಾಗಿರಲಿಲ್ಲ. ಆದರೆ ಸುಳ್ಯದಿಂದ ಈ ಗುಡ್ಡೆಯವರೆಗೆ ನಡೆದು ಬಂದ ಆ ದಂಡಿಗೆ ಅಕ್ಕಿಮುಡಿ ಹೊತ್ತವನು ಯಾರು, ಹೇಳಿ ನೋಡುವ?

ದಂಡು ಕಟ್ಟಿದ ಕತೆ ಗೊತ್ತಿರುವುದೇ. 1834ರಲ್ಲಿ ಕೊಡಗು ಕುಂಪಣಿಯ ಪಾಲಾಯಿತು, ಅಮರಸುಳ್ಯವನ್ನು ಕಿತ್ತು ಕೆನರಾಕ್ಕೆ ಸೇರಿಸಿದರು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕಕ್ಕು ಅಂದರು. ಉಪ್ಪು, ಹೊಗೆಸೊಪ್ಪು ಕುಂಪಣಿಯ ಮುಷ್ಟಿಯಲ್ಲಿ. ರೈತ ಸಿಡಿದ. ಕವಾಯತು ಕಲಿತ ಪಲ್ಟಣವಲ್ಲ ಅದು. ಗೌಡರ ಮನೆ, ಪಟೇಲರ ಮನೆ, ಯಜಮಾನನ ಒಂದು ಮಾತಿಗೆ ಊರೇ ಎದ್ದಿತು. ಪುಟ್ಟಬಸಪ್ಪನನ್ನು ಕಲ್ಯಾಣಸ್ವಾಮಿ ಎಂದು ಕರೆದು ಮುಂದಿಟ್ಟುಕೊಂಡರು. ಬೆಳ್ಳಾರೆಯ ಖಜಾನೆ ಕೈಗೆ ಬಂತು, ಏಪ್ರಿಲ್ 5ಕ್ಕೆ ಮಂಗಳೂರು. ಇಂಗ್ಲಿಷ್ ಅಧಿಕಾರಿಗಳು ಕಣ್ಣೂರಿಗೆ ಕಾಲ್ಕಿತ್ತರು. ಸುಮಾರು ಎರಡು ವಾರದ ಆಡಳಿತ, ಆಮೇಲೆ ನೇಣು.

ಊರೇ ಎದ್ದಿತು ಅಂದೆನಲ್ಲ, ಆ ಊರಲ್ಲಿ ಮೂಲದಾಳು ಇದ್ದ. ಗದ್ದೆಯ ಜೊತೆ ಮಾರಾಟವಾಗುತ್ತಿದ್ದ, ಅಡವು ಬೀಳುತ್ತಿದ್ದ ಹೊಲೆಯ. ನಮ್ಮ ಉಡುಪಿ, ಕಾಪು, ಕಾರ್ಕಳದ ಬೈಲುಗಳಲ್ಲೂ ಇದ್ದ. ಬಂಡಾಯದವರು ಸಾರಿದ್ದು ಕಂದಾಯ ಮನ್ನಾ, ಉಪ್ಪು ಹೊಗೆಸೊಪ್ಪಿನ ಕಾಟ ಬಂದ್. ಒಳ್ಳೇದೇ. ಕಂದಾಯ ಕಟ್ಟುವುದು ಯಾರು ಮಾರಾಯ್ರೆ? ಭೂಮಿ ಇದ್ದವನು. ತಾನೇ ಇನ್ನೊಬ್ಬನ ಸೊತ್ತಾದವನಿಗೆ ಮನ್ನಾ ಮಾಡಲಿಕ್ಕೆ ಏನುಂಟು? ಆಳನ್ನು ಬಿಟ್ಟೆವು ಎಂಬ ಒಂದು ಮಾತು ನಾನು ಓದಿದ ಯಾವ ಚರಿತ್ರೆಯಲ್ಲೂ ಸಿಕ್ಕಿಲ್ಲ. ಕುಡಿಯರ ಕುರ್ತು ಎಂಬವನ ಹೆಸರು ಮಾತ್ರ ಪಟ್ಟಿಯ ಕೊನೆಗೆ ಬರುತ್ತದೆ, ಬಂದರೆ.

ಹಾಗಂತ ಕುಂಪಣಿ ನಮ್ಮ ನೆಂಟನಲ್ಲ. 1843ರ ಅದರ ಕಾಯಿದೆ, ಗುಲಾಮಗಿರಿಯನ್ನು ಕೋರ್ಟು ಒಪ್ಪುವುದಿಲ್ಲ ಅಂದಿತು. ಬೈಲಿನಲ್ಲಿ ಒಡೆಯನ ಬಾಯೇ ಕೋರ್ಟು.

ಎದುರು ಪಾಳಯದ ಲೆಕ್ಕವನ್ನೂ ನೋಡಿ. ಕುಂಪಣಿಯ ಪರ ನಿಂತು ದಂಗೆ ಅಡಗಿಸಿದ ಕೊಡಗರಿಗೆ ಚಿನ್ನದ, ಬೆಳ್ಳಿಯ ಪದಕ ಸಿಕ್ಕಿತು. ಜಮ್ಮಾ ಭೂಮಿ ಹಿಡಿದವನು ಕರೆದಾಗ ದಂಡಿಗೆ ಬರಬೇಕು, ಪ್ರತಿಯಾಗಿ ಕಂದಾಯ ಕಡಿಮೆ, ಇದು ರಾಜರ ಕಾಲದಿಂದ ಬಂದ ಏರ್ಪಾಡು. ಇವತ್ತಿಗೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸು ಬೇಡ. 2019ರಲ್ಲಿ ಕೇಂದ್ರ ಸರಕಾರ ಆ ರಿಯಾಯಿತಿಯನ್ನು 2029ರವರೆಗೆ ಎಳೆಯಿತು. ಆ ಗದ್ದೆಗಳನ್ನು ಉತ್ತ ಯರವನ, ಹೊಲೆಯನ ಕೈಗೆ ಹಾರೆ ಬಂತು, ಕೋವಿ ಬರಲಿಲ್ಲ. ಗೆದ್ದವನಿಗೆ ಪದಕ, ಸೋತವನಿಗೆ ಪ್ರತಿಮೆ, ಇವನಿಗೆ ಮರುದಿನ ಬೆಳಗ್ಗೆ ಅದೇ ಗದ್ದೆ.

ಡೋಲು ಬಡಿಯುವುದಕ್ಕೆ ಮಾತ್ರ ನಮ್ಮವರು ಬೇಕಿತ್ತು. ಕೊರಗರನ್ನು ಅಜಲಿನಿಂದ ಬಿಡಿಸಲು 2000ದಲ್ಲಿ ಕಾನೂನೇ ತರಬೇಕಾಯಿತು. ಬಾವುಟ ಹಾರಿ ಆಗಲೇ 163 ವರ್ಷ!

ಬರುವ ಏಪ್ರಿಲ್ 5ಕ್ಕೆ ಆ ಗುಡ್ಡೆಯಲ್ಲಿ ಭಾಷಣ ಮಾಡುವವರು ಮೂಲದಾಳು ಎಂಬ ಶಬ್ದವನ್ನು ಮೈಕಿನಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಲಿ. ಹಾರ ಹಾಕಲಿಕ್ಕೆ ನಾವೂ ಬರುತ್ತೇವೆ.