ತಲೆ ಎಣಿಸುವವರು ಕೂಲಿ ಎಣಿಸುವುದು ಯಾವಾಗ?

ಊರಿಗೆ ಕಾರ್ಖಾನೆ ಬರುತ್ತದೆಂದಾಗ ನಮ್ಮನ್ನಾಳುವವರ ಬಾಯಲ್ಲಿ ಮೂರು ಲೆಕ್ಕಗಳು ಸಿದ್ಧವಿರುತ್ತವೆ: ಎಷ್ಟು ಎಕರೆ, ಎಷ್ಟು ಕೋಟಿ, ಎಷ್ಟು ಮಂದಿಗೆ ಕೆಲಸ. ನಾಲ್ಕನೆಯ ಲೆಕ್ಕವೊಂದಿದೆ. ದುಡಿದವರ ಕೈಗೆ ತಿಂಗಳ ಕೊನೆಗೆ ಬಂದದ್ದೆಷ್ಟು? ಅದನ್ನು ಯಾರೂ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ.

ಕೊಪ್ಪಳ ಜಿಲ್ಲೆಯ ಕುಕನೂರು ತಾಲೂಕಿನ ಭಾನಾಪುರವನ್ನೇ ನೋಡಿ. ಇಲ್ಲಿ 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್ ಬರಲಿದೆ, 40,000 ಮಂದಿಗೆ ಕೆಲಸ ಸಿಗಲಿದೆ ಎಂದು 2020ರಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಸಾರಿದರು. 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕಿನ್ನಾಳದ ಮರದ ಗೊಂಬೆಗಳ ಜಿಲ್ಲೆಗೆ ಯಂತ್ರದ ಗೊಂಬೆಗಳೂ ಬಂದವು. ಬರಲಿ, ನಮ್ಮ ತಕರಾರಿಲ್ಲ. ಮಳೆ ಕೈಕೊಟ್ಟಾಗ ಗಂಟುಮೂಟೆ ಕಟ್ಟಿ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವ ಸೀಮೆಯಿದು. ಮನೆಯ ಹತ್ತಿರವೇ ಕೆಲಸ ಸಿಕ್ಕರೆ ಬೇಡವೆನ್ನುವವರಾರು? ಆದರೆ ಗುಳೆ ನಿಲ್ಲಿಸುವುದು ಕಾರ್ಖಾನೆಯ ಬೋರ್ಡಲ್ಲ, ಅಲ್ಲಿ ಸಿಗುವ ಕೂಲಿ. ಆ ಕೂಲಿ ಸಂಸಾರ ನಡೆಸಲು ಸಾಕಾಗುತ್ತದೆಯೇ ಎಂಬುದನ್ನು ಭಾಷಣದಿಂದ ತಿಳಿಯಲಾಗದು, ಅಂಕಿಅಂಶದಿಂದಲೇ ತಿಳಿಯಬೇಕು.

ಅಂಕಿಅಂಶವಿಲ್ಲವೆಂದು ಸರಕಾರ ಹೇಳುವಂತಿಲ್ಲ. ಭವಿಷ್ಯನಿಧಿ ಮತ್ತು ಇಎಸ್‌ಐಗೆ ಒಳಪಟ್ಟ ಕಾರ್ಖಾನೆಗಳು ಪ್ರತಿ ತಿಂಗಳೂ ಕಾರ್ಮಿಕರ ವೇತನದ ವಿವರ ಸಲ್ಲಿಸಲೇಬೇಕು. 2019ರ ಜುಲೈಯಲ್ಲಿ ಇಎಸ್‌ಐ ವಂತಿಗೆಯ ದರವನ್ನು ನೌಕರನಿಗೆ ಶೇ. 0.75, ಮಾಲೀಕನಿಗೆ ಶೇ. 3.25 ಎಂದು ನಿಗದಿ ಮಾಡಲಾಯಿತು. ಕೂಲಿ ಎಷ್ಟೆಂದು ತಿಳಿಯದೆ ಈ ವಂತಿಗೆಯನ್ನು ಲೆಕ್ಕ ಹಾಕುವುದು ಹೇಗೆ? ಆದರೂ ಭವಿಷ್ಯನಿಧಿ ಸಂಸ್ಥೆ 2018ರಿಂದ ಪ್ರಕಟಿಸುತ್ತಾ ಬಂದಿರುವ ಮಾಸಿಕ ಪಟ್ಟಿಯಲ್ಲಿರುವುದು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಬಿಟ್ಟರು ಎಂಬ ತಲೆಲೆಕ್ಕ ಮಾತ್ರ. ಅವರ ಸಂಬಳದ ಮಾತಿಲ್ಲ.

ಅಮೆರಿಕದಂತಹ ಬಂಡವಾಳಶಾಹಿ ದೇಶದಲ್ಲೂ ಹೀಗಿಲ್ಲ. ಬಾಳಿಕೆಯ ಸರಕು ತಯಾರಿಸುವ ಕಾರ್ಖಾನೆಗಳಲ್ಲಿ ಗಂಟೆಗೆ ಸರಾಸರಿ ಎಷ್ಟು ಗಳಿಕೆ ಎಂದು ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆ ತಿಂಗಳು ತಿಂಗಳೂ ಪ್ರಕಟಿಸುತ್ತದೆ. ನಮ್ಮ ಜಿಲ್ಲೆಯಂತಹ ಕೌಂಟಿಗಳ ವೇತನದ ಲೆಕ್ಕ ಮೂರು ತಿಂಗಳಿಗೊಮ್ಮೆ ಹೊರಬರುತ್ತದೆ. ಯಾವುದೇ ಕಂಪೆನಿಯ ಗುಟ್ಟು ರಟ್ಟಾಗದಂತೆ ಒಟ್ಟು ಲೆಕ್ಕವನ್ನಷ್ಟೇ ಕೊಡುತ್ತಾರೆ. ಹಾಗೆ ಮಾಡಿದ್ದಕ್ಕೆ ಅಲ್ಲಿನ ಉದ್ಯಮವೇನೂ ಮುಳುಗಿ ಹೋಗಿಲ್ಲ.

"ಕನಿಷ್ಠ ವೇತನ ಕೊಡುತ್ತಿದ್ದೇವಲ್ಲ, ಸಾಲದೇ?" ಎನ್ನುವವರಿದ್ದಾರೆ. ಕನಿಷ್ಠ ವೇತನವೆಂದರೆ ಅದಕ್ಕಿಂತ ಕೆಳಗಿಳಿಯಬಾರದೆಂಬ ಗೆರೆ, ಅಲ್ಲಿಗೇ ನಿಲ್ಲಬೇಕೆಂಬ ಆಜ್ಞೆಯಲ್ಲ. ರಾಜ್ಯವನ್ನು ವಲಯಗಳಾಗಿ ವಿಂಗಡಿಸಿ ದೊಡ್ಡ ನಗರಕ್ಕೆ ಹೆಚ್ಚು, ಉಳಿದ ಊರುಗಳಿಗೆ ಕಡಿಮೆ ಎಂದು ನಿಗದಿ ಮಾಡುತ್ತಾ ಬರಲಾಗಿದೆ. ಆದರೆ ಬೆಂಗಳೂರಿಗೊಂದು, ಕುಕನೂರಿಗೊಂದು ಬೆಲೆಯನ್ನು ಔಷಧದ ಪೊಟ್ಟಣದ ಮೇಲೆ ಅಚ್ಚು ಹಾಕಿರುತ್ತಾರೆಯೇ?

ಕೂಲಿಯ ವಿಚಾರ ಕಂಪೆನಿ ಮತ್ತು ಕಾರ್ಮಿಕನ ಖಾಸಗಿ ವ್ಯವಹಾರ ಎನ್ನುವವರಿಗೂ ನಮ್ಮದೊಂದು ಪ್ರಶ್ನೆಯಿದೆ. ವಿದೇಶಿ ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿದ್ದು ಯಾರಿಗಾಗಿ? ದೇಶದ ಆಟಿಕೆ ಉದ್ಯಮವನ್ನು ಕಾಯುವುದಕ್ಕಾಗಿ. ಮಗುವಿಗೆ ಗೊಂಬೆ ಕೊಳ್ಳುವ ಪ್ರತಿಯೊಬ್ಬ ತಂದೆತಾಯಿಯೂ ಆ ರಕ್ಷಣೆಯ ಭಾರವನ್ನು ಹೊರುತ್ತಿದ್ದಾರೆ. ಬೇಲಿ ಕಟ್ಟಿಕೊಟ್ಟ ಜನಕ್ಕೆ ಬೇಲಿಯೊಳಗಿನ ಬೆಳೆ ಯಾರ ಪಾಲಾಯಿತೆಂದು ಕೇಳುವ ಹಕ್ಕಿಲ್ಲವೇ?

2025ರ ನವೆಂಬರ್ 21ರಂದು ಕೇಂದ್ರ ಸರಕಾರ ವೇತನ ಸಂಹಿತೆಯೂ ಸೇರಿ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ವೇತನ ಚೀಟಿ ಕೊಡುವುದು ಈ ಸಂಹಿತೆಯ ಪ್ರಕಾರ ಕಡ್ಡಾಯ. ಅದು ಕಾರ್ಮಿಕನೊಬ್ಬನಿಗೆ ಅವನ ಲೆಕ್ಕವನ್ನಷ್ಟೇ ಹೇಳುತ್ತದೆ. ಊರಿಗೆ ಊರಿನ ಲೆಕ್ಕ ಬೇಕು. ದೇಶದ ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆಯ ಪ್ರಕಾರ 2022-23ರಲ್ಲೇ ನೂರರಲ್ಲಿ ಸುಮಾರು 40 ಕಾರ್ಮಿಕರು ಗುತ್ತಿಗೆಯವರು. ಹೀಗಿರುವಾಗ ಬರೀ ಸರಾಸರಿ ಹೇಳಿದರೆ ಅದು ಮ್ಯಾನೇಜರನ ಸಂಬಳದ ನೆರಳಿನಲ್ಲಿ ಗುತ್ತಿಗೆಯವನ ಕೂಲಿಯನ್ನು ಮುಚ್ಚಿಡುವ ಆಟವಾದೀತು.

ಆದುದರಿಂದ ನಾವು ಕೇಳುವುದಿಷ್ಟೇ. ಸಾರ್ವಜನಿಕ ಭೂಮಿ, ರಿಯಾಯಿತಿ, ಸುಂಕದ ರಕ್ಷಣೆ ಪಡೆದ ಪ್ರತಿಯೊಂದು ಕೈಗಾರಿಕಾ ಪ್ರದೇಶದ ಕೂಲಿಯ ಲೆಕ್ಕವನ್ನು ಕಾರ್ಮಿಕ ಇಲಾಖೆ ಆರು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ. ಗಂಡಸರಿಗೆಷ್ಟು, ಹೆಂಗಸರಿಗೆಷ್ಟು, ಕಾಯಂ ಆದವರಿಗೆಷ್ಟು, ಗುತ್ತಿಗೆಯವರಿಗೆಷ್ಟು, ಹೆಚ್ಚುವರಿ ದುಡಿಮೆಗೆ ಕಾನೂನಿನಂತೆ ದುಪ್ಪಟ್ಟು ಸಿಕ್ಕಿತೇ, ಬೆಲೆಯೇರಿಕೆಯನ್ನು ಕಳೆದರೆ ಕಳೆದ ವರ್ಷಕ್ಕಿಂತ ಕೂಲಿ ಏರಿತೇ, ಇಳಿಯಿತೇ ಎಂಬುದೆಲ್ಲ ಅದರಲ್ಲಿರಲಿ. ಆ ಹಾಳೆಯನ್ನು ಪಂಚಾಯತಿಯ ಗೋಡೆಗೆ ಅಂಟಿಸಲಿ.

ಕೂಲಿ ನ್ಯಾಯವಾಗಿದ್ದರೆ ಕಂಪೆನಿಗಳಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇರೆ ಬೇಕಿಲ್ಲ. ನ್ಯಾಯವಾಗಿಲ್ಲವೆಂದಾದರೆ, ಅದನ್ನು ತಿಳಿಯುವ ಮೊದಲ ಹಕ್ಕು ನೆಲ ಬಿಟ್ಟುಕೊಟ್ಟ ಊರಿನವರದ್ದು.