ನೀಲಿ ಚುಕ್ಕಿಯ ಹಿಂದಿನ ಫಿಸಿಕ್ಸ್ ಸೈಕಲ್

ಮೊದಲ ವರ್ಷ ನಮಗೆಲ್ಲ ಎರಡು ಸೈಕಲ್ ಇದ್ವು. ಒಂದು ಫಿಸಿಕ್ಸ್ ಸೈಕಲ್, ಇನ್ನೊಂದು ಕೆಮಿಸ್ಟ್ರಿ ಸೈಕಲ್. ಎರಡನ್ನೂ ನಾವು ತುಳಿದಿದ್ದು ಒಂದೇ ಥರ. ಇಂಟರ್ನಲ್ಸ್ ಹಿಂದಿನ ರಾತ್ರಿ, ಸೀನಿಯರ್ಸ್ ಕೊಟ್ಟ ನೋಟ್ಸ್ ಹಿಡ್ಕೊಂಡು, ಕಣ್ಣು ಮುಚ್ಚಿ. "ಪಾಸಾದ್ರೆ ಸಾಕು ಮಗಾ, ಇದನ್ನ ಯಾವ ಕಂಪನಿನೂ ಕೇಳಲ್ಲ" ಅಂತ ಹಾಸ್ಟೆಲ್‌ನಲ್ಲಿ ಎಲ್ಲರೂ ಹೇಳ್ತಿದ್ರು, ನಾವೂ ಹೇಳಿದ್ವಿ. ಈಗ ಎರಡನೇ ವರ್ಷಕ್ಕೆ ಬಂದು ಜೂನಿಯರ್ಸ್‌ಗೆ ಅದನ್ನೇ ಹೇಳೋ ಸರದಿ ನಮ್ಮದು. ಹೇಳೋ ಮುಂಚೆ ಒಂದು ನಿಮಿಷ ನಿಲ್ಲೋಣ ಅನ್ನೋದಕ್ಕೇ ಈ ಲೇಖನ.

ಊಟ ಆರ್ಡರ್ ಮಾಡುವಾಗ ಮ್ಯಾಪ್‌ನಲ್ಲಿ ಕಾಣೋ ನೀಲಿ ಚುಕ್ಕಿ ಎಲ್ಲರಿಗೂ ಗೊತ್ತು. ಡೆಲಿವರಿ ಅಣ್ಣ ಹಿಂದಿನ ಗೇಟ್ ಹತ್ರ ನಿಂತು "ಲೊಕೇಶನ್ ಇಲ್ಲೇ ತೋರಿಸ್ತಿದೆ ಸರ್" ಅಂದಾಗ ನಾವು ಬಯ್ಯೋದೂ ಆ ಚುಕ್ಕಿಗೇ. ಅದು ಹತ್ತು ಮೀಟರ್ ಆಚೆ ಹೋದ್ರೆ ಸಿಟ್ಟು ಬರುತ್ತೆ. ಆದರೆ ಸಾವಿರಾರು ಕಿಲೋಮೀಟರ್ ಮೇಲಿಂದ ಬರೋ ಸಿಗ್ನಲ್ ನಮ್ಮ ಹಾಸ್ಟೆಲ್ ಗೇಟನ್ನ ಹೇಗೆ ಗುರುತು ಹಿಡಿಯುತ್ತೆ ಅಂತ ನಾವ್ಯಾರೂ ಕೇಳಿರಲಿಲ್ಲ. ಅದೂ ಇಸಿ ಬ್ರಾಂಚ್‌ನವರು! ನಾಚಿಕೆ ಆಗಬೇಕು.

ಎಲ್ಲದರ ಕೆಳಗೆ ಇರೋದು ಗಡಿಯಾರ. ಉಪಗ್ರಹ ತನ್ನ ಸಿಗ್ನಲ್ ಯಾವಾಗ ಹೊರಟಿತು ಅಂತ ಹೇಳುತ್ತೆ, ಅದು ಯಾವಾಗ ತಲುಪಿತು ಅಂತ ನಮ್ಮ ಫೋನ್ ನೋಡುತ್ತೆ. ಆ ವ್ಯತ್ಯಾಸವನ್ನ ಬೆಳಕಿನ ವೇಗದಿಂದ ಗುಣಿಸಿದ್ರೆ ದೂರ ಸಿಗುತ್ತೆ. ನಾಲ್ಕು ಉಪಗ್ರಹಗಳಿಂದ ಹೀಗೆ ಮಾಡಿದ್ರೆ ನಾವು ಎಲ್ಲಿದ್ದೀವಿ ಅಂತ ಗೊತ್ತಾಗುತ್ತೆ. ಮೂರು ಸಾಲದು, ಯಾಕಂದ್ರೆ ಫೋನ್‌ನಲ್ಲಿರೋ ಗಡಿಯಾರ ಅಗ್ಗದ್ದು, ಅದರ ತಪ್ಪನ್ನೂ ಲೆಕ್ಕ ಹಾಕಿ ತೆಗೀಬೇಕು. ಒಂದು ನ್ಯಾನೋಸೆಕೆಂಡ್ ತಪ್ಪಿದ್ರೆ 30 ಸೆಂಟಿಮೀಟರ್ ತಪ್ಪುತ್ತೆ. ಮೈಕ್ರೋಸೆಕೆಂಡ್ ತಪ್ಪಿದ್ರೆ 300 ಮೀಟರ್.

ಈಗ ಐನ್‌ಸ್ಟೈನ್ ಬರ್ತಾರೆ. ಜಿಪಿಎಸ್ ಉಪಗ್ರಹ ಇರೋ ಎತ್ತರದಲ್ಲಿ ಗುರುತ್ವ ಕಮ್ಮಿ, ಹಾಗಾಗಿ ಅಲ್ಲಿನ ಗಡಿಯಾರ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ಅದು ವೇಗವಾಗಿ ಸುತ್ತುತ್ತಿರೋದ್ರಿಂದ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತೆ. ಕೂಡಿ ಕಳೆದ್ರೆ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ. ಇದನ್ನ ಸರಿಪಡಿಸದೆ ಬಿಟ್ರೆ ದೂರದ ಲೆಕ್ಕ ದಿನಕ್ಕೆ 11 ಕಿಲೋಮೀಟರ್‌ಗೂ ಹೆಚ್ಚು ತಪ್ಪುತ್ತಾ ಹೋಗುತ್ತೆ.

ಇದರಲ್ಲಿ ನಮಗೆ ಬಹಳ ಇಷ್ಟವಾದ ಕಥೆ 1977ರದ್ದು. ಜಿಪಿಎಸ್‌ಗೆ ಮುಂಚೆ ಅಮೆರಿಕದವರು ಎನ್‌ಟಿಎಸ್-2 ಅನ್ನೋ ಉಪಗ್ರಹದಲ್ಲಿ ಸೀಸಿಯಂ ಗಡಿಯಾರ ಇಟ್ಟು ಹಾರಿಸಿದ್ರು. ಅಲ್ಲಿದ್ದ ಕೆಲವರಿಗೆ ಈ ರಿಲೇಟಿವಿಟಿ ಪರಿಣಾಮ ನಿಜವಾಗ್ಲೂ ಇದೆಯಾ ಅನ್ನೋ ಅನುಮಾನ. ಅದಕ್ಕೆ ತಿದ್ದುಪಡಿಯ ಸರ್ಕ್ಯೂಟನ್ನ ಒಳಗಿಟ್ಟು, ಬೇಕಾದ್ರೆ ನೆಲದಿಂದ ಆನ್ ಮಾಡೋಣ ಅಂತ ಆಫ್ ಮಾಡಿಯೇ ಕಳಿಸಿದ್ರು. ಸುಮಾರು 20 ದಿನ ನೋಡಿದ್ರು. ಗಡಿಯಾರ ಮುಂದೆ ಓಡ್ತಾನೇ ಇತ್ತು, ಸಿದ್ಧಾಂತ ಹೇಳಿದ ಲೆಕ್ಕಕ್ಕೆ ಶೇಕಡಾ ಒಂದರಷ್ಟು ಹತ್ತಿರ. ಆಮೇಲೆ ಸ್ವಿಚ್ ಆನ್ ಮಾಡಿದ್ರು. "ಇದೆಲ್ಲ ಥಿಯರಿ ಸರ್, ಪ್ರಾಕ್ಟಿಕಲ್‌ನಲ್ಲಿ ಬರಲ್ಲ" ಅನ್ನೋ ನಮ್ಮ ಡೈಲಾಗ್‌ಗೆ ಇಷ್ಟು ಚೆನ್ನಾಗಿರೋ ಉತ್ತರ ಇನ್ನೊಂದಿಲ್ಲ. ಆ ಅನುಮಾನದವರನ್ನೂ ನಾವು ಬಯ್ಯಲ್ಲ. ಅವರು ನಂಬಲಿಲ್ಲ, ಆದ್ರೆ ಅಳೆದು ನೋಡಿದ್ರು. ನಾವು ನಂಬೋದೂ ಇಲ್ಲ, ಅಳೆಯೋದೂ ಇಲ್ಲ. ಮೂರು ಮಾರ್ಕ್ಸ್‌ಗೆ ಬರೆದು ಬರ್ತೀವಿ.

ಗಡಿಯಾರ ಸರಿಹೋದ್ರೂ ಕೆಲಸ ಮುಗಿಯಲ್ಲ. ಉಪಗ್ರಹ ಎಲ್ಲಿದೆ ಅಂತ ಹೇಳೋಕೆ ಭೂಮಿ ಈ ಕ್ಷಣ ಎಷ್ಟು ತಿರುಗಿದೆ ಅಂತ ಗೊತ್ತಿರಬೇಕು, ಯಾಕಂದ್ರೆ ಭೂಮಿ ಒಂದೇ ಸಮ ತಿರುಗಲ್ಲ. ಅದನ್ನ ಅಳೆಯೋಕೆ ಅಲುಗಾಡದ ಗುರುತು ಬೇಕು. ಆ ಗುರುತುಗಳು ಕ್ವೇಸಾರ್‌ಗಳು, ನೂರಾರು ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಗಳ ನಡುವೆ ಇರೋ ಕಪ್ಪುರಂಧ್ರಗಳ ಸುತ್ತಲಿನ ಬೆಳಕು. ಬೇರೆ ಬೇರೆ ಖಂಡಗಳ ರೇಡಿಯೋ ದೂರದರ್ಶಕಗಳು ಒಟ್ಟಿಗೆ ಅವನ್ನ ನೋಡಿ ಭೂಮಿಯ ತಿರುಗುವಿಕೆಯನ್ನ ಅಳೀತವೆ. ಅಂದ್ರೆ ಬಿರಿಯಾನಿ ಸರಿಯಾದ ಗೇಟ್‌ಗೆ ಬರೋದಕ್ಕೂ ಕಪ್ಪುರಂಧ್ರಕ್ಕೂ ಸಂಬಂಧ ಇದೆ. ತಮಾಷೆ ಅನಿಸಬಹುದು, ಆದ್ರೆ ಅಕ್ಷರಶಃ ನಿಜ.

ಇನ್ನು ಕೆಮಿಸ್ಟ್ರಿ ಸೈಕಲ್. ಸೂರ್ಯನ ಅತಿನೇರಳೆ ಮತ್ತು ಎಕ್ಸ್ ಕಿರಣಗಳು ಮೇಲಿನ ಗಾಳಿಯ ಅಣುಗಳನ್ನ ಒಡೆದು ಎಲೆಕ್ಟ್ರಾನ್‌ಗಳನ್ನ ಬಿಡಿಸ್ತವೆ. ಹಾಗಾಗಿರೋ ಪದರವೇ ಅಯಾನುಗೋಳ. ಬೆಳಕಿನಿಂದ ನಡೆಯೋ ರಸಾಯನ ಕ್ರಿಯೆ ಅಂತ ನಾವು ಓದಿದ್ದು ಇದೇ, ಲ್ಯಾಬ್ ಮಾತ್ರ ದೊಡ್ಡದು. ಸಿಡ್ನಿ ಚಾಪ್‌ಮನ್ ಅನ್ನೋ ವಿಜ್ಞಾನಿ 1930ರಲ್ಲಿ ಓಝೋನ್ ಹೇಗಾಗುತ್ತೆ ಅಂತ ವಿವರಿಸಿ, ಮರುವರ್ಷವೇ ಅಯಾನುಗೋಳದ ಪದರಗಳ ಲೆಕ್ಕ ಕೊಟ್ರು. ಆಗ ಉಪಗ್ರಹದ ಕನಸೂ ಇರಲಿಲ್ಲ. ಇವತ್ತು ಸಿಗ್ನಲ್ ಆ ಪದರ ದಾಟುವಾಗ ತಡವಾಗುತ್ತೆ, ಮಧ್ಯಾಹ್ನ ಜಾಸ್ತಿ, ಬೆಳಗಿನ ಜಾವ ಕಮ್ಮಿ. ತಪ್ಪು ಕೆಲವು ಮೀಟರ್‌ನಿಂದ ಹತ್ತಾರು ಮೀಟರ್‌ವರೆಗೆ. ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗೋದ್ರಿಂದ ನಮ್ಮ ತಲೆ ಮೇಲಿನ ಅಯಾನುಗೋಳ ಬೇರೆಯವರಿಗಿಂತ ಹೆಚ್ಚು ತರಲೆ. ಯುರೋಪಿನಲ್ಲಿ ಮಾಡಿದ ಲೆಕ್ಕ ಇಲ್ಲಿಗೆ ಹಾಗೇ ಅಂಟಿಸೋಕಾಗಲ್ಲ.

1963ರ ನವೆಂಬರ್ 21ಕ್ಕೆ ತುಂಬಾದಿಂದ ಹಾರಿದ ಮೊದಲ ರಾಕೆಟ್ ಹೋಗಿದ್ದೂ ಇಂಥ ಕೆಲಸಕ್ಕೇ. ರಾಕೆಟ್ ಅಮೆರಿಕದ್ದು, ಒಳಗಿದ್ದ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ಮುಸ್ಸಂಜೆಯಲ್ಲಿ ಮೇಲೆ ಬಿಟ್ಟ ಆ ಆವಿ ಸೂರ್ಯನ ಬೆಳಕಿಗೆ ಕಿತ್ತಳೆ ಬಣ್ಣದಲ್ಲಿ ಹೊಳೆದು, ಅಷ್ಟೆತ್ತರದ ಗಾಳಿ ಹೇಗೆ ಬೀಸುತ್ತೆ ಅಂತ ತೋರಿಸ್ತು.

ಬೆಂಗಳೂರಿನ ಕಥೆಯೂ ಹಾಗೇ. ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್ ಅವರನ್ನ ನಾವು 'ಉಪಗ್ರಹ ಎಂಜಿನಿಯರ್' ಅಂದ್ಕೊಂಡಿದ್ವಿ. ಅವರು ಮೂಲತಃ ಕಾಸ್ಮಿಕ್ ಕಿರಣಗಳ ಸಂಶೋಧಕರು, ಸೌರಮಾರುತ ನಿರಂತರವಾಗಿ ಬೀಸುತ್ತೆ ಅಂತ ಮ್ಯಾರಿನರ್-2 ನೌಕೆಯ ಮಾಹಿತಿಯಿಂದ ತೋರಿಸಿದವರಲ್ಲಿ ಒಬ್ಬರು. ಅವರ ತಂಡ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ಕ್ಕೆ ಹಾರಿದಾಗ ಒಳಗಿದ್ದ ಪ್ರಯೋಗಗಳು ಎಕ್ಸ್-ಕಿರಣ ಖಗೋಳವಿಜ್ಞಾನ, ಸೌರ ಭೌತವಿಜ್ಞಾನ ಮತ್ತು ಮೇಲಿನ ವಾಯುಮಂಡಲದ ಅಧ್ಯಯನಕ್ಕೆ. ವಿದ್ಯುತ್ ಕೈಕೊಟ್ಟು ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು. ಆದ್ರೂ ಹಳೇ ಎರಡು ರೂಪಾಯಿ ನೋಟಿನ ಹಿಂದೆ ಅದರ ಚಿತ್ರ ಬಂತು. ಅಜ್ಜನ ಡಬ್ಬಿಯಲ್ಲಿ ಹುಡುಕಿ, ಸಿಗಬಹುದು.

ಈಗ ನಾವಿಕ್. ವಾಟ್ಸ್ಆ್ಯಪ್‌ನಲ್ಲಿ ಎರಡು ಥರದ ಫಾರ್ವರ್ಡ್ ಬರ್ತವೆ. "ಜಿಪಿಎಸ್‌ಗೆ ಗುಡ್‌ಬೈ, ನಮ್ಮ ಸ್ವದೇಶಿ ಬಂತು" ಅನ್ನೋದೊಂದು, "ಅಯ್ಯೋ ಮತ್ತೆ ಫೇಲ್" ಅನ್ನೋದೊಂದು. ಎರಡನ್ನೂ ಕಳಿಸೋರು ಒಬ್ಬರೇ ಅಂಕಲ್ ಆಗಿರ್ತಾರೆ, ಅದು ಬೇರೆ ವಿಷಯ. ನಿಜ ಏನು ಅಂದ್ರೆ, ಮೊದಲ ಸಾಲಿನ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳು ಸ್ವಿಟ್ಜರ್ಲೆಂಡ್‌ನಿಂದ ಬಂದವು. 2013ರಲ್ಲಿ ಹಾರಿದ ಐಆರ್‌ಎನ್‌ಎಸ್‌ಎಸ್-1ಎ ಒಳಗಿದ್ದ ಮೂರೂ ರುಬಿಡಿಯಂ ಗಡಿಯಾರ ಕೆಟ್ಟವು. ಯುರೋಪಿನ ಗೆಲಿಲಿಯೋದಲ್ಲೂ ಗಡಿಯಾರಗಳು ಕೈಕೊಟ್ಟವು. ಬದಲಿಗೆ ಕಳಿಸಿದ 1ಎಚ್ 2017ರಲ್ಲಿ ರಾಕೆಟ್‌ನ ಶಾಖಕವಚ ಬಿಚ್ಚಿಕೊಳ್ಳದೆ ಒಳಗೇ ಉಳೀತು. 2023ರ ಮೇ 29ಕ್ಕೆ ಹೋದ ಎನ್‌ವಿಎಸ್-01ರಲ್ಲಿ ಮೊದಲ ಸಲ ಅಹಮದಾಬಾದಿನಲ್ಲಿ ತಯಾರಾದ ನಮ್ಮದೇ ರುಬಿಡಿಯಂ ಗಡಿಯಾರ ಇತ್ತು. 2025ರ ಜನವರಿ 29ಕ್ಕೆ ಶ್ರೀಹರಿಕೋಟಾದ ನೂರನೇ ಉಡಾವಣೆಯಲ್ಲಿ ಹೋದ ಎನ್‌ವಿಎಸ್-02, ಕವಾಟ ತೆರೆಯದೆ ಕಕ್ಷೆ ಏರಲಿಲ್ಲ. 2025ರ ಮಧ್ಯದಲ್ಲಿ ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರದ ಪ್ರಕಾರ ಸ್ಥಾನ ತೋರಿಸೋ ಕೆಲಸ ಮಾಡ್ತಿದ್ದದ್ದು ನಾಲ್ಕು ಉಪಗ್ರಹ. ಏಳು ಇರಬೇಕಿತ್ತು.

ನಮ್ಮ ಅಭಿಪ್ರಾಯ ಇಷ್ಟೇ. ರಾಕೆಟ್ ಕೊಳ್ಳಬಹುದು, ಚಿಪ್ ಕೊಳ್ಳಬಹುದು, ಗಡಿಯಾರವನ್ನೂ ಕೊಳ್ಳಬಹುದು. ಆದ್ರೆ ಅದು ಮೇಲೆ ಹೋಗಿ ಕೆಟ್ಟಾಗ ಯಾಕೆ ಕೆಡ್ತು ಅಂತ ಹೇಳೋಕೆ ರುಬಿಡಿಯಂ ಪರಮಾಣುವಿನ ಒಳಗೆ ಏನಾಗುತ್ತೆ ಅಂತ ಗೊತ್ತಿರೋ ಮನುಷ್ಯ ಮನೆಯಲ್ಲೇ ಇರಬೇಕು. ಅಂಥ ಮನುಷ್ಯರನ್ನ ನಾವು ಪಿಯುಸಿಯಲ್ಲೇ ತಪ್ಪಿಸ್ತಿದ್ದೀವಿ. ನಮ್ಮ ತರಗತಿಯಲ್ಲೇ ಒಬ್ಬ ಇದ್ದಾನೆ. ಬಿಎಸ್ಸಿ ಫಿಸಿಕ್ಸ್ ಮಾಡ್ತೀನಿ ಅಂದಿದ್ದಕ್ಕೆ ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತಾಡಲಿಲ್ಲವಂತೆ. ಈಗ ನಮ್ಮ ಜೊತೆ ಕೂತು ಕೋಡಿಂಗ್ ಟೆಸ್ಟ್ ಬರೀತಾನೆ, ಚೆನ್ನಾಗೇ ಬರೀತಾನೆ. ಮೇಲಿನ ಎನ್‌ಟಿಎಸ್-2 ಕಥೆ ನಮಗೆ ಹೇಳಿದ್ದು ಅವನೇ, ಮೆಸ್‌ನಲ್ಲಿ, ಇಡ್ಲಿ ಮುಂದೆ ಇಟ್ಕೊಂಡು. ಇಡ್ಲಿ ತಣ್ಣಗಾಯ್ತು.

ಎಲ್ಲರೂ ವಿಜ್ಞಾನಿ ಆಗ್ಬೇಕು ಅಂತ ನಾವು ಹೇಳ್ತಿಲ್ಲ. ಎಜುಕೇಶನ್ ಲೋನ್ ಇರೋ ಮನೆಗೆ ಪ್ಲೇಸ್‌ಮೆಂಟ್ ಮುಖ್ಯ ಅಂತ ಗೊತ್ತು, ನಮ್ಮಲ್ಲಿ ಅರ್ಧ ಜನಕ್ಕೆ ಲೋನ್ ಇದೆ. ಆದ್ರೆ "ಇದು ಯಾಕೆ ಬೇಕು" ಅನ್ನೋ ಪ್ರಶ್ನೆಯನ್ನ ನಾವು ಉತ್ತರ ಬೇಡದೇ ಇರೋ ಥರ ಕೇಳ್ತೀವಲ್ಲ, ಅದನ್ನ ಬಿಡಬಹುದು. ಫಿಸಿಕ್ಸ್ ಲ್ಯಾಬ್ ರೆಕಾರ್ಡನ್ನ ಹೋದ ವರ್ಷದವರಿಂದ ಕಾಪಿ ಮಾಡೋದನ್ನೂ ಬಿಡಬಹುದು. ಇದನ್ನ ಬರೆಯೋಕೆ ನಮಗೆ ಅಧಿಕಾರ ಇಲ್ಲ, ನಾವೂ ಕಾಪಿ ಮಾಡಿದವರೇ.

ಹೋದ ತಿಂಗಳು ನಾವು ಐದು ಜನ ಹಾಸ್ಟೆಲ್ ಟೆರೇಸ್ ಹತ್ತಿದ್ವಿ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಉಪಗ್ರಹಗಳ ಕಚ್ಚಾ ಮಾಹಿತಿ ತೋರಿಸೋ ಆ್ಯಪ್‌ಗಳಿವೆ, ಪ್ರತಿಯೊಂದರ ಮುಂದೆ ಆಯಾ ದೇಶದ ಪುಟ್ಟ ಬಾವುಟ ಬರುತ್ತೆ. ಐದು ಫೋನ್‌ನಲ್ಲಿ ಎರಡರಲ್ಲಿ ಮಾತ್ರ ನಮ್ಮ ಬಾವುಟ ಬಂತು. ಎನ್‌ವಿಎಸ್ ಸಾಲಿನಲ್ಲಿ ಎಲ್1 ತರಂಗಾಂತರ ಯಾಕೆ ಸೇರಿಸಿದ್ರು ಅಂತ ಆಗ ಅರ್ಥ ಆಯ್ತು, ಮಾಮೂಲಿ ಫೋನ್‌ಗಳು ಕೇಳಿಸಿಕೊಳ್ಳೋದು ಅದನ್ನೇ. ಒಂದು ಗಂಟೆ ಕೂತ್ವಿ. ಜಿಪಿಎಸ್ ಚುಕ್ಕಿಗಳು ಆಕಾಶದಲ್ಲಿ ಸರಿದು ಹೋದ್ವು. ಪೂರ್ವ ದಿಕ್ಕಿನ ನಮ್ಮದೊಂದು ಮಾತ್ರ ನಿಂತಲ್ಲೇ ನಿಂತಿತ್ತು. ಭೂಸ್ಥಿರ ಕಕ್ಷೆ ಅಂತ ಹತ್ತು ಸಲ ಬರೆದಿದ್ವಿ, ನೋಡಿದ್ದು ಅವತ್ತೇ.

ಸೂರ್ಯ ಮುಳುಗಿದ ಮೇಲೆ ನಮ್ಮ ಕಡೆಯ ಅಯಾನುಗೋಳದಲ್ಲಿ ಗುಳ್ಳೆಗಳೆದ್ದು ಸಿಗ್ನಲ್ ಮಿನುಗುತ್ತಂತೆ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸು ಜಾಸ್ತಿ. ಅದನ್ನ ಹಿಡಿಯೋಕೆ ಸೆಪ್ಟೆಂಬರ್‌ನಲ್ಲಿ ಸತತ ಹತ್ತು ಸಂಜೆ, ಏಳು ಗಂಟೆಯಿಂದ ಹತ್ತರವರೆಗೆ ಟೆರೇಸ್‌ನಲ್ಲಿ ಕೂರ್ತೀವಿ. ನಾವಿಕ್ ಬರೋ ಫೋನ್ ಇದ್ದವರು ಬನ್ನಿ, ಯಾವ ಬ್ರಾಂಚ್ ಆದ್ರೂ ಸರಿ. ಚಾರ್ಜ್ ಮಾಡ್ಕೊಂಡು ಬನ್ನಿ, ಮೇಲೆ ಪ್ಲಗ್ ಪಾಯಿಂಟ್ ಇಲ್ಲ.